ಎಲ್ಲರೂ ಬಳಸುವ ಕಾವಲಿ

ಆಸ್ಟ್ರೇಲಿಯಾದ ಉದ್ಯಾನಗಳಲ್ಲಿ, ಕಡಲ ತೀರಗಳಲ್ಲಿ ಸಾರ್ವಜನಿಕ ಒಲೆಗಳಿರುತ್ತವೆ. ಇಟ್ಟಿಗೆಯ ಅಥವಾ ಉಕ್ಕಿನ ಕಟ್ಟೆ, ಅದರ ಮೇಲೆ ಸ್ಟೇನ್‌ಲೆಸ್ ಸ್ಟೀಲಿನ ಅಗಲವಾದ ಕಾವಲಿ, ಪಕ್ಕದಲ್ಲೊಂದು ಗುಂಡಿ. ಒತ್ತಿದರೆ ವಿದ್ಯುತ್ತಿನಿಂದ ಕಾವಲಿ ಕಾಯುತ್ತದೆ; ಸ್ವಲ್ಪ ಹೊತ್ತಿಗೆ ತಾನಾಗಿಯೇ ಆರುತ್ತದೆ. ಹಲವು ಕಡೆ ಕಾಸು ಕೊಡಬೇಕಾಗಿಲ್ಲ. ಅಲ್ಲಿಯ ಜನ ಇದನ್ನು ಬಾರ್ಬೆಕ್ಯೂ ಎನ್ನುತ್ತಾರೆ. ರಜೆಯ ದಿನ ಒಂದು ಕುಟುಂಬ ಎದ್ದರೆ ಇನ್ನೊಂದು ಕುಟುಂಬ ಅದೇ ಕಾವಲಿಯ ಮುಂದೆ ನಿಲ್ಲುತ್ತದೆ.

ಮೆಲ್ಬರ್ನ್‌ಗೆ ಓದಲು ಹೋದ ದಾವಣಗೆರೆಯ ಹುಡುಗನೊಬ್ಬ ಗೆಳೆಯರೊಡನೆ ಇಂಥ ಕಾವಲಿಯ ಮೇಲೆ ಪನೀರು, ದೊಣ್ಣೆಮೆಣಸಿನಕಾಯಿ ಬಾಡಿಸಿ, ಶೇಂಗಾಪುಡಿ ಉದುರಿಸಿಕೊಂಡು ತಿಂದ. ಫೋನಿನಲ್ಲಿ ಸುದ್ದಿ ಕೇಳಿದ ತಾಯಿಯ ಮೊದಲ ಪ್ರಶ್ನೆ ಇದು: “ಅಲ್ಲಪಾ, ಅದೇ ಕಾವಲಿ ಮ್ಯಾಲೆ ಮಾಂಸ ಬೇಸಿರ್ತಾರಲ್ಲ, ನೀವು ತೊಳಕಂಡ್ರೇನು?” ಮಗ ನಕ್ಕ. “ಅಷ್ಟು ಕಾದ ಮೇಲೆ ಯಾವ ಕ್ರಿಮಿ ಉಳೀತೈತಿ ಬಿಡಮ್ಮ!”

ಮಗ ಹೇಳಿದ್ದು ಸುಳ್ಳಲ್ಲ. ಹಸಿ ಕೋಳಿಮಾಂಸದಲ್ಲಿರಬಹುದಾದ ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಗಳು ಬಿಸಿಗೆ ಸಾಯುತ್ತವೆ. ಮಾಂಸದ ಒಳಭಾಗ 75 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆಂದು ಆ ದೇಶದಲ್ಲಿ ಸಲಹೆ ನೀಡುವುದು ಇದಕ್ಕಾಗಿಯೇ. ಕಾದ ಕಾವಲಿಯ ಉಷ್ಣತೆ ಅದಕ್ಕಿಂತ ಎಷ್ಟೋ ಹೆಚ್ಚು. ಆದರೆ ಬ್ಯಾಕ್ಟೀರಿಯಗಳು ಕಾವಲಿಯ ಮೇಲಷ್ಟೇ ಇರುತ್ತವೆಯೇ? ಹಸಿ ಮಾಂಸ ಇಟ್ಟಿದ್ದ ಪಕ್ಕದ ಕಟ್ಟೆ ಕಾಯುವುದೇ ಇಲ್ಲ. ಹಸಿಯದನ್ನು ಹಿಡಿದ ಇಕ್ಕಳದಲ್ಲೇ ಬೆಂದದ್ದನ್ನು ಎತ್ತಿದರೆ, ಹಸಿಯದನ್ನು ತಂದ ತಟ್ಟೆಗೇ ಬೆಂದದ್ದನ್ನು ಬಡಿಸಿದರೆ, ಕಾವಲಿ ಮಾಡಿದ ಕೆಲಸವೆಲ್ಲ ವ್ಯರ್ಥ.

ಬಿಸಿಗೂ ಜಗ್ಗದ ಇನ್ನೊಂದು ವಸ್ತುವಿದೆ. ಕೆಲವರಿಗೆ ಮೀನು, ಮೊಟ್ಟೆ ಅಥವಾ ಶೇಂಗಾ ಒಗ್ಗುವುದಿಲ್ಲ, ಅಲರ್ಜಿಯಾಗುತ್ತದೆ. ತೀವ್ರವಾದರೆ ಉಸಿರುಕಟ್ಟಿ ಪ್ರಾಣಕ್ಕೇ ಸಂಚಕಾರ. ಇದಕ್ಕೆ ಕಾರಣ ಆ ಪದಾರ್ಥಗಳಲ್ಲಿರುವ ಪ್ರೋಟೀನು. ಬಿಸಿಗೆ ಸಾಯಲು ಅದೇನು ಜೀವಿಯಲ್ಲವಲ್ಲ! ಹಿಂದಿನವರ ಜಿಡ್ಡಿನಲ್ಲಿ ಅದು ಉಳಿದು ಮುಂದಿನವರ ತಟ್ಟೆ ಸೇರಬಹುದು. ಹಾಗಾಗಿ ತಾಯಿಯ ಪ್ರಶ್ನೆಯಲ್ಲಿ ಮಡಿಯಷ್ಟೇ ವಿಜ್ಞಾನವೂ ಇದೆ. ಆದರೆ ಆ ಪ್ರಶ್ನೆ ಅರ್ಧಕ್ಕೇ ನಿಂತಿತು. ಹಿಂದಿನವರ ಮಾಂಸದ ಚಿಂತೆ ಇವರಿಗೆ. ಇವರು ಉದುರಿಸಿದ ಶೇಂಗಾಪುಡಿಯ ಚಿಂತೆ ಯಾರಿಗೆ? ಇವರ ನಂತರ ಬಂದವರಲ್ಲಿ ಶೇಂಗಾ ಒಗ್ಗದ ಮಗುವೊಂದಿದ್ದರೆ, ಅದಕ್ಕೆ ಮಾಂಸಕ್ಕಿಂತ ಈ ಸಸ್ಯಾಹಾರವೇ ಅಪಾಯ.

ಶುಚಿ ಮಾಡುವುದೇನೂ ಕಷ್ಟವಲ್ಲ. ಒಲೆ ಆರಿದ ಮೇಲೆ, ಕಾವಲಿ ಇನ್ನೂ ಬೆಚ್ಚಗಿರುವಾಗಲೇ ಕೆಲಸ ಮುಗಿಸಬೇಕು. ತಣ್ಣಗಾದರೆ ಜಿಡ್ಡು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಚಪ್ಪಟೆ ಸಟ್ಟುಗದಿಂದ ಕೆರೆದು, ಜಿಡ್ಡು ಇಳಿಯಲೆಂದೇ ಕಾವಲಿಯಲ್ಲಿರುವ ತೂತಿನತ್ತ ತಳ್ಳಬೇಕು. ಬಳಿಕ ಸೋಪಿನ ನೀರಿನ ಬಟ್ಟೆಯಿಂದ ಒರೆಸಬೇಕು. ಸೋಪಿನ ಅಣುವಿನ ಒಂದು ತುದಿ ಎಣ್ಣೆಯನ್ನು ಹಿಡಿದರೆ ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಬರೀ ನೀರಿಗೆ ಬಗ್ಗದ ಜಿಡ್ಡು ಹೀಗೆ ಕಳಚಿ ಬರುತ್ತದೆ. ಕೊನೆಗೆ ಒದ್ದೆ ಬಟ್ಟೆಯಿಂದ ಸೋಪನ್ನು ತೆಗೆದು, ಪಕ್ಕದ ಕಟ್ಟೆಯನ್ನೂ ಒರೆಸಬೇಕು. ತಂತಿಯ ಬ್ರಷ್ ಬೇಡ. ಅದರ ಎಳೆ ಮುರಿದು ಆಹಾರದೊಳಗೆ ಸೇರಬಹುದು. ಇಂಥ ಎಳೆ ನುಂಗಿ ಗಾಯಗೊಂಡವರ ವರದಿಯನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2012ರಲ್ಲಿ ಪ್ರಕಟಿಸಿತ್ತು. ಅಲರ್ಜಿ ಇರುವವರು ಮಾತ್ರ ಕಾವಲಿ ಎಷ್ಟೇ ಹೊಳೆಯುತ್ತಿದ್ದರೂ ತಮ್ಮದೇ ಬಾಣಲೆಯನ್ನು ಅದರ ಮೇಲಿಟ್ಟುಕೊಳ್ಳುವುದು ಕ್ಷೇಮ.

ನಗರಾಡಳಿತದ ಸಿಬ್ಬಂದಿ ಬಂದು ತೊಳೆಯುತ್ತಾರೆ, ನಿಜ. ಆದರೆ ಒಂದು ಕುಟುಂಬ ಎದ್ದು ಇನ್ನೊಂದು ಕೂರುವ ನಡುವೆ ಅವರು ಬರಲಾರರು. ಆ ಹೊತ್ತಿನಲ್ಲಿ ಬಟ್ಟೆ ಹಿಡಿಯಬೇಕಾದವರು ಉಂಡು ಎದ್ದವರೇ. ಮಕ್ಕಳನ್ನು ದೂರ ದೇಶಕ್ಕೆ ಕಳಿಸುವ ತಂದೆತಾಯಿಗಳು “ತಿನ್ನುವ ಮೊದಲು ತೊಳೆದುಕೋ” ಎಂದು ತಪ್ಪದೆ ಹೇಳುತ್ತಾರೆ. “ತಿಂದ ಮೇಲೂ ತೊಳೆದಿಟ್ಟು ಬಾ” ಎಂಬುದನ್ನೂ ಅದರ ಜೊತೆಗೇ ಹೇಳಿ ಕಳಿಸಬೇಕು.