ಹೆಂಗಾತು?

ನಮ್ಮ ಶಾಮನೂರಿನಲ್ಲಿ ಸಾವಿನ ಮನೆಯವರನ್ನು ಒಂಟಿಯಾಗಿ ಕೂರಲು ಊರು ಬಿಡುವುದಿಲ್ಲ. ಬೆಳಗಾಗುವುದರೊಳಗೆ ಮನೆ ಮುಂದೆ ಶಾಮಿಯಾನ ಎದ್ದಿರುತ್ತದೆ, ಪ್ಲಾಸ್ಟಿಕ್ ಕುರ್ಚಿಗಳು ಬಂದಿರುತ್ತವೆ. ಮರುದಿನದ ‘ಜನತಾವಾಣಿ’ಯ ನಿಧನ ವಾರ್ತೆಯಲ್ಲಿ ಫೋಟೋ ಸಮೇತ ಹೆಸರು ಬರುತ್ತದೆ. ಒಲೆ ಹಚ್ಚದ ಮನೆಗೆ ಪಕ್ಕದವರು ಅನ್ನ, ಸಾರು ತಂದಿಡುತ್ತಾರೆ. ಆಮೇಲೆ ಮಾತಾಡಿಸಲು ಬರುವವರು ಶುರು. ಹರಿಹರದಿಂದ, ಹದಡಿಯಿಂದ, ಜಗಳೂರಿನಿಂದ ಬಸ್ಸು ಹಿಡಿದು ಬರುತ್ತಾರೆ. ಚಾಪೆಯ ಮೇಲೆ ಕೂತು, ಸ್ವಲ್ಪ ಹೊತ್ತು ಸುಮ್ಮನಿದ್ದು, ಎಲ್ಲರೂ ಕೇಳುವುದು ಒಂದೇ ಮಾತು: “ಹೆಂಗಾತು?”

ಮನೆಯವರು ಹೇಳುತ್ತಾರೆ. ರಾತ್ರಿ ಚೆನ್ನಾಗಿಯೇ ಉಂಡಿದ್ದರು, ನಸುಕಿನಲ್ಲಿ ಎದೆ ಹಿಡಿದುಕೊಂಡಿತು ಅಂದರು, ಆಟೋ ಬರುವಷ್ಟರಲ್ಲಿ... ಮೊದಲ ದಿನ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ, ಮುಂದಿನದನ್ನು ಅಳು ನುಂಗುತ್ತದೆ. ಮತ್ತೊಬ್ಬರು ಬರುತ್ತಾರೆ, ಮತ್ತೆ ಹೇಳಬೇಕು. ದಿನಗಳು ಕಳೆದು ಶಿವಗಣಾರಾಧನೆಯ ಹೊತ್ತಿಗೆ ಅದೇ ಹೆಂಗಸು ಅದೇ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲಳು. ಹೇಳಿ ಮುಗಿಸಿ, “ಊಟ ಮಾಡಿಕೊಂಡು ಹೋಗ್ರಿ” ಎಂದು ಬಂದವರನ್ನು ಉಪಚರಿಸಬಲ್ಲಳು. ಹನ್ನೆರಡನೇ ಶತಮಾನದ ಶರಣರು ಸಾವಿನ ಸೂತಕವನ್ನು ಒಪ್ಪಲಿಲ್ಲ. ಸತ್ತ ಮನೆ ಮೈಲಿಗೆಯಲ್ಲ ಎಂದರು. ಆದರೆ ಮಾತಾಡಿಸಿಕೊಂಡು ಬರುವ ಪದ್ಧತಿಯನ್ನು ನಮ್ಮ ಕಡೆ ಯಾರೂ ಬಿಟ್ಟಿಲ್ಲ. ದುಃಖ ಮಾತಾಗಿ ಹೊರಗೆ ಬರುವ ದಾರಿ ಅದೊಂದೇ ಎಂದು ಊರಿಗೆ ಗೊತ್ತಿದೆ.

ಬೆಕ್ಕು ಸತ್ತ ಮನೆಗೆ ಹಾಗೆ ಯಾರೂ ಬರುವುದಿಲ್ಲ.

ನಮ್ಮ ಚಂದ್ರಿ ಹೋಗಿ ಒಂದು ಮಳೆಗಾಲ ಕಳೆಯಿತು. ಬಿಳಿ, ಕಪ್ಪು, ಕೆಂದು ಮೂರೂ ಬಣ್ಣದ ಬೆಕ್ಕು ಅದು. ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ ಆಗಿರುತ್ತದೆ, ಬಣ್ಣದ ಗುಣ ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಒಟ್ಟಿಗೆ ಬಂದರೆ ಮಾತ್ರ ಆ ಮೈಬಣ್ಣ ಮೂಡುತ್ತದೆ. ಅತ್ತೆಯವರು ಅಕ್ಕಿ ಗಿರಣಿಯ ಹಮಾಲರೊಬ್ಬರಿಂದ ಅದನ್ನು ಕೇಳಿ ಪಡೆದು, ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದರು. ಭದ್ರಾ ನಾಲೆಯ ನೀರು ಹರಿದ ಮೇಲೆ ಭತ್ತವೇ ನಮ್ಮ ಕಡೆಯ ಬದುಕು. ಸುಗ್ಗಿ ಮುಗಿದ ಮೇಲೆ ಪಡಸಾಲೆಯ ಒಂದು ಗೋಡೆಗೆ ಸೂರು ಮುಟ್ಟುವಂತೆ ಚೀಲ ಒಟ್ಟುತ್ತಿದ್ದರು. ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು ಬೇಕೇ ಬೇಕು.

ಮನುಷ್ಯರ ಮನೆಗೆ ಬೆಕ್ಕು ಕಾಲಿಟ್ಟದ್ದೇ ಹೀಗೆ ಎಂದು ತಿಳಿದವರು ಹೇಳುತ್ತಾರೆ. ಬೇಸಾಯ ಕಲಿತ ಜನ ಕಾಳು ಕೂಡಿಟ್ಟರು, ಕಾಳಿಗೆ ಇಲಿ ಬಂದವು, ಇಲಿಯ ಹಿಂದೆ ಕಾಡಿನ ಬೆಕ್ಕು ಬಂದು ಉಳಿದುಕೊಂಡಿತು. ಸೈಪ್ರಸ್ ದ್ವೀಪದಲ್ಲಿ ಸಿಕ್ಕ ಸುಮಾರು 9,500 ವರ್ಷ ಹಳೆಯ ಸಮಾಧಿಯ ವಿವರವನ್ನು ಫ್ರಾನ್ಸಿನ ಪುರಾತತ್ವಜ್ಞರು 2004ರಲ್ಲಿ ಪ್ರಕಟಿಸಿದರು. ಮನುಷ್ಯನನ್ನು ಹೂಳಿದ ಜಾಗಕ್ಕೆ ಒಂದು ಮೊಳದೊಳಗೆ, ತನ್ನದೇ ಆದ ಪುಟ್ಟ ಗುಂಡಿಯಲ್ಲಿ, ಸುಮಾರು ಎಂಟು ತಿಂಗಳ ಒಂದು ಬೆಕ್ಕನ್ನು ಮಲಗಿಸಿದ್ದರು. ಆ ದ್ವೀಪದಲ್ಲಿ ಹುಟ್ಟಾ ಬೆಕ್ಕುಗಳಿರಲಿಲ್ಲ. ದೋಣಿಯಲ್ಲಿ ಜೊತೆಗೆ ಕರೆದುಕೊಂಡು ಬಂದು, ಸಾವಿನಲ್ಲೂ ಪಕ್ಕದಲ್ಲಿರಿಸಿಕೊಂಡರು. ಇಲಿ ಹಿಡಿಯುವ ಕೆಲಸಕ್ಕೆ ಇಟ್ಟುಕೊಂಡ ಪ್ರಾಣಿಗೆ ಯಾರೂ ಅಷ್ಟು ಮಾಡುವುದಿಲ್ಲ. ಕೆಲಸದ ನೆಪದಲ್ಲಿ ಬಂದದ್ದು ಮನೆಯದೇ ಆಗಿಬಿಟ್ಟಿತ್ತು.

ನಮ್ಮಲ್ಲೂ ಹಾಗೇ ಆಯಿತು. ಹೊಲ ಸೈಟುಗಳಾದವು, ಭತ್ತದ ಚೀಲ ಬರುವುದು ನಿಂತಿತು, ಇಲಿಗಳು ಹೋದವು, ಚಂದ್ರಿ ಉಳಿಯಿತು. ಆಗ ಹೊಸ ಪ್ರಶ್ನೆ ಎದ್ದಿತು. ನಮ್ಮದು ಮಾಂಸ ಮುಟ್ಟದ ಮನೆ, ಅದಕ್ಕೆ ಹಾಕುತ್ತಿದ್ದುದು ಹಾಲು ಅನ್ನ. ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ಮೈ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸದಿಂದಲೇ ಬರಬೇಕು, ಬರದಿದ್ದರೆ ಕಣ್ಣೂ ಹೃದಯವೂ ಕೆಡುತ್ತವೆ ಎಂದು ಪಶುವೈದ್ಯರು ವಿವರಿಸಿದರು. ಇಷ್ಟು ವರ್ಷ ಇಲಿಗಳೇ ಆ ಕೊರತೆ ತುಂಬಿದ್ದವು. ಅತ್ತೆಯವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಹಿತ್ತಲ ಬಾಗಿಲ ಪಕ್ಕದ ಗೂಡನ್ನು ತಾವೇ ಗುಡಿಸಿ, “ಅದರ ಡಬ್ಬಿ ಇಲ್ಲಿಡ್ರಿ, ಅದರ ಧರ್ಮ ಅದಕ್ಕೆ” ಎಂದರು. ದಿನಕ್ಕೆರಡು ಹೊತ್ತು ಲಿಂಗಪೂಜೆ ಮಾಡುತ್ತಿದ್ದ ಹೆಂಗಸು ಪೂಜೆ ಮುಗಿಸಿ, ಆ ಡಬ್ಬಿಯಿಂದ ಅಳೆದು ಹಾಕಿ, ಕೈ ತೊಳೆದುಕೊಂಡು ತಮ್ಮ ಊಟಕ್ಕೆ ಕೂರುತ್ತಿದ್ದರು. ಸಕಲ ಜೀವಿಗಳಿಗೆ ಒಳಿತು ಬಯಸುವುದೆಂದರೇನು ಎಂದು ನಾನು ಕಲಿತದ್ದು ಆ ಗೂಡಿನ ಮುಂದೆ.

ಅತ್ತೆಯವರು ಹೋದ ಮೇಲೂ ಚಂದ್ರಿ ಎಷ್ಟೋ ವರ್ಷ ಇತ್ತು. 16 ವರ್ಷದ ಬೆಕ್ಕೆಂದರೆ ಮನುಷ್ಯರ ಲೆಕ್ಕದಲ್ಲಿ 80ರ ಮುದುಕಿ. ಮುಪ್ಪು ಅದನ್ನು ಒಂದೊಂದೇ ಮೆಟ್ಟಿಲು ಇಳಿಸಿತು. ಮೊದಲು ಅಟ್ಟ ಹತ್ತುವುದು ಬಿಟ್ಟಿತು, ಆಮೇಲೆ ಕಿಟಕಿ, ಆಮೇಲೆ ಮಂಚ. ಮಂಚದ ಪಕ್ಕ ಒಂದು ಮಣೆ ಇಟ್ಟೆವು. ಮಣೆಯ ಮೇಲೆ ಮುಂಗಾಲಿಟ್ಟು, ನಮ್ಮ ಮುಖ ನೋಡಿ, ನಾವು ಎತ್ತಿಕೊಳ್ಳುವವರೆಗೂ ಕಾಯುತ್ತಿತ್ತು. ಹಾಲಿನವನ ಹಾರ್ನ್ ಕೇಳಿಸದಂತಾಯಿತು, ಆದರೂ ಸರಿಯಾಗಿ ಅದೇ ಹೊತ್ತಿಗೆ ಬಾಗಿಲಲ್ಲಿ ಇರುತ್ತಿತ್ತು.

ಹೆಂಗಾತು ಎಂದು ಯಾರೂ ಕೇಳಲಿಲ್ಲವಾದ್ದರಿಂದ ಇಲ್ಲಿ ಹೇಳುತ್ತೇನೆ. ಮೊದಲು ನೀರು ಕುಡಿಯುವುದು ಹೆಚ್ಚಾಯಿತು. ಬಚ್ಚಲ ಬಕೆಟ್ಟಿಗೆ ತಲೆ ಬಗ್ಗಿಸಿ ಕುಡಿದೇ ಕುಡಿಯುತ್ತಿತ್ತು. ಮುದಿ ಬೆಕ್ಕುಗಳಲ್ಲಿ ಮೂತ್ರಪಿಂಡ ಸೋಲುವುದು ತೀರಾ ಸಾಮಾನ್ಯ. ನೀರನ್ನು ಹಿಡಿದಿಡುವ ಶಕ್ತಿ ಮೂತ್ರಪಿಂಡಕ್ಕೆ ಹೋಗುವುದರಿಂದ ಕುಡಿದದ್ದೆಲ್ಲ ಹೊರಗೆ ಹೋಗುತ್ತದೆ, ಬಾಯಾರಿಕೆ ತೀರುವುದಿಲ್ಲ, ಮೈ ಇಳಿಯುತ್ತದೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು. ಸವೆದ ಮೂತ್ರಪಿಂಡ ಮತ್ತೆ ಚಿಗುರುವುದಿಲ್ಲ, ಇರುವಷ್ಟು ದಿನ ಸುಖವಾಗಿ ಇರಿಸಬಹುದು ಎಂದರು ವೈದ್ಯರು. ಬೆನ್ನ ಮೇಲಿನ ಸಡಿಲು ಚರ್ಮವನ್ನು ಎತ್ತಿ ಹಿಡಿದು, ಅದರಡಿಗೆ ಸಲೈನ್ ಬಿಡುವುದನ್ನು ನಮ್ಮ ಯಜಮಾನರು ಕಲಿತರು. ಸಲೈನ್ ಬಾಟಲಿಯನ್ನು ಮೊದಲು ಬಿಸಿನೀರಿನ ತಂಬಿಗೆಯಲ್ಲಿ ಇಟ್ಟು ಬೆಚ್ಚಗೆ ಮಾಡುತ್ತಿದ್ದರು. ಮನೆಯಲ್ಲಿ ಮುದಿ ಬೆಕ್ಕಿರುವವರಿಗೆ ಒಂದು ಮಾತು: ನರಳುತ್ತದೆಂದು ಮರುಕಪಟ್ಟು ಪ್ಯಾರಾಸಿಟಮಾಲ್ ಕೊಡಬೇಡಿ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, ನಮಗೆ ಜ್ವರ ಇಳಿಸುವ ಮಾತ್ರೆ ಅದರ ಪ್ರಾಣ ತೆಗೆಯುತ್ತದೆ.

ಕೊನೆಗೆ ತಿನ್ನುವುದು ಬಿಟ್ಟಿತು. ನೀರನ್ನೂ ಬಿಟ್ಟಿತು. ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟಾಗ ನನಗೆ ತಿಳಿಯಿತು. ಬದುಕೆಲ್ಲ ಕೂದಲೆಳೆಯಷ್ಟೂ ಕೊಳೆ ಇಟ್ಟುಕೊಳ್ಳದ ಜೀವ ಅದು. ವೈದ್ಯರು ಮೆಲ್ಲಗೆ ಇಂಜೆಕ್ಷನ್ನಿನ ಮಾತೆತ್ತಿದರು. ಬೆಕ್ಕನ್ನು ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂದು ಕೇಳಿಕೊಂಡು ಬೆಳೆದ ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಆದರೆ ಮಗ್ಗುಲು ಬದಲಿಸಲಾರದೆ ಅದು ಕೂಗಿದ ಕೂಗು ಕೇಳಿದವರಿಗೆ ಇನ್ನೊಂದು ದಾರಿ ಇರಲಿಲ್ಲ. ಬೆಳಿಗ್ಗೆ ವೈದ್ಯರು ಮನೆಗೇ ಬಂದರು. ಮೊದಲು ಮಂಪರಿನ ಮದ್ದು, ಅದು ಗಾಢ ನಿದ್ದೆಗೆ ಜಾರಿದ ಮೇಲೆ ಎರಡನೆಯದು. ಕೆಲವೇ ನಿಮಿಷ. ಕಣ್ಣು ಮುಚ್ಚಲಿಲ್ಲ. ಬೆಕ್ಕುಗಳ ಕಣ್ಣು ಹಾಗೆ ತೆರೆದೇ ಇರುತ್ತವೆ ಎಂದು ವೈದ್ಯರು ಮೊದಲೇ ಹೇಳಿದ್ದರು, ಹೇಳಿದ್ದು ಒಳ್ಳೆಯದಾಯಿತು. ಹಿತ್ತಲ ತೆಂಗಿನ ಬುಡದಲ್ಲಿ, ನಾಯಿಗಳು ಕೆದರದಷ್ಟು ಆಳಕ್ಕೆ ಗುಂಡಿ ತೆಗೆಸಿದೆವು. ಅತ್ತೆಯವರ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ, ವಿಭೂತಿ ಇಟ್ಟು, ಹಿಡಿ ಉಪ್ಪು ಹಾಕಿ ಮಣ್ಣು ಮಾಡಿದೆವು.

ಆಮೇಲೆ ಗೊತ್ತಾಗುವುದು, ಒಂದು ಬೆಕ್ಕು ಮನೆಯವರ ಮೈಯಲ್ಲಿ ಎಷ್ಟೆಲ್ಲ ರೂಢಿಗಳನ್ನು ಬಿಟ್ಟುಹೋಗಿರುತ್ತದೆ ಎಂದು. ಕುರ್ಚಿಯಲ್ಲಿ ಕೂರುವ ಮುಂಚೆ ಕೈ ತಾನೇ ಹಿಂದೆ ಹೋಗಿ ಸವರಿ ನೋಡುತ್ತದೆ. ಯಜಮಾನರು ಇಂದಿಗೂ ಸ್ಕೂಟರ್ ತೆಗೆಯುವ ಮುಂಚೆ ಬಗ್ಗಿ ಚಕ್ರದ ಹಿಂದೆ ನೋಡುತ್ತಾರೆ. ಹಾಲು ಕಾಸಿದರೆ ಒಂದು ಚಮಚ ಕೆನೆ ಬಟ್ಟಲಿಗೆ ಹೋಗುತ್ತದೆ. ಮನಸ್ಸಿಗೆ ಸಮಾಧಾನ ಹೇಳಬಹುದು, ಕೈಗೆ ಹೇಳುವುದು ಹೇಗೆ? ಮನುಷ್ಯರು ಸತ್ತಾಗ ಬಂದು ಹೋಗುವವರ ಗದ್ದಲದಲ್ಲಿ ಈ ರೂಢಿಗಳು ಸ್ವಲ್ಪ ಸಡಿಲವಾಗುತ್ತವೆ. ಇಲ್ಲಿ ಮರುದಿನವೇ ತಿಂಡಿ ಮಾಡಬೇಕು, ಡ್ಯೂಟಿಗೆ ಹೋಗಬೇಕು. ಹೇಳಿಕೊಂಡರೆ ಜನ ಒಳ್ಳೆಯ ಮನಸ್ಸಿನಿಂದಲೇ, “ಇನ್ನೊಂದು ಮರಿ ತಂದ್ಕಳ್ರಿ” ಎನ್ನುತ್ತಾರೆ. ತರಬಹುದು, ಮುಂದೊಂದು ದಿನ ತಂದೇವು. ಆದರೆ ಅತ್ತೆಯವರ ಸೆರಗಿನಲ್ಲಿ ಬಂದ, ನನ್ನ ಮಕ್ಕಳ ಪರೀಕ್ಷೆಯ ರಾತ್ರಿಗಳಲ್ಲಿ ಪುಸ್ತಕದ ಮೇಲೆ ಮಲಗಿದ, ಆ ಮಕ್ಕಳು ಊರು ಬಿಟ್ಟ ಮೇಲೆ ಅವರ ಖಾಲಿ ಮಂಚ ಕಾದ ಜೀವಕ್ಕೆ ಬದಲಿ ಎಲ್ಲಿಂದ ತರುವುದು?

ಪ್ರಾಣಿಗೆ ಇಷ್ಟೊಂದು ಅಳುವುದು ಈಗಿನವರ ಫ್ಯಾಷನ್ ಎಂದು ಹಿರಿಯರೊಬ್ಬರು ಹೇಳಿದರು. ಅದು ನಿಜವಲ್ಲ. ಈ ನಾಡಿನ ಕಲ್ಲುಗಳೇ ಬೇರೆ ಮಾತು ಹೇಳುತ್ತವೆ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ, ಬೇಕಾದ್ದು ಕೇಳು ಎಂದು ದೊರೆ ಮೆಚ್ಚಿ ಹೇಳಿದಾಗ, ಅವನು ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ದೊಡ್ಡ ಹಂದಿಯೊಂದಿಗೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಮಣಲೇರ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿದ, ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟ, ಪೂಜೆ ಮಾಡದೆ ಉಂಡ ಪೂಜಾರಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದ. ರಾಜರ ಯುದ್ಧದ ಸುದ್ದಿ ಇರುವ ಅದೇ ಕಲ್ಲಿನಲ್ಲಿ ನಾಯಿಯ ಸಾವಿನ ಸುದ್ದಿಯೂ ಇದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಮಂಡ್ಯ ಜಿಲ್ಲೆಯ ಬೆಕ್ಕಳಲೆ ಎಂಬ ಹಳ್ಳಿಯವರು ಬೆಕ್ಕನ್ನು ಮಂಗಮ್ಮ ದೇವಿಯೆಂದು ಪೂಜಿಸುತ್ತಾರೆ. ಅಲ್ಲಿ ಬೆಕ್ಕು ಸತ್ತರೆ ಹಾಗೇ ಎಸೆಯುವಂತಿಲ್ಲ, ಮರ್ಯಾದೆಯಿಂದ ಹೂಳಬೇಕು.

ಹೊರಗಿನವರೂ ಇದಕ್ಕೆ ದಾರಿ ಕಂಡುಕೊಂಡಿದ್ದರು. ಪ್ರಾಚೀನ ಈಜಿಪ್ಟಿನಲ್ಲಿ ಬೆಕ್ಕು ಸತ್ತ ಮನೆಯವರೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರು ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಹುಬ್ಬಿಲ್ಲದ ಮುಖ ಕಂಡವರಿಗೆಲ್ಲ ಏನಾಯಿತೆಂದು ಹೇಳದೆಯೇ ತಿಳಿಯುತ್ತಿತ್ತು. ಜಪಾನಿನ ಕಾದಂಬರಿಕಾರ ನತ್ಸುಮೆ ಸೊಸೆಕಿ, ತನ್ನ ಮೊದಲ ಕಾದಂಬರಿಗೆ ಸ್ಫೂರ್ತಿಯಾದ ಬೆಕ್ಕು 1908ರಲ್ಲಿ ಸತ್ತಾಗ, ಅದನ್ನು ಮನೆಯಂಗಳದಲ್ಲಿ ಹೂಳಿ, ಗೆಳೆಯರಿಗೆಲ್ಲ ಕಾರ್ಡು ಬರೆದು ಸಾವಿನ ಸುದ್ದಿ ಮುಟ್ಟಿಸಿದ. ಕಲ್ಲು, ಹುಬ್ಬು, ಕಾರ್ಡು, ಎಲ್ಲದರ ಕೆಲಸ ಒಂದೇ. ನನ್ನ ಮನೆಯಲ್ಲಿ ಒಂದು ಸಾವಾಗಿದೆ ಎಂದು ಊರಿಗೆ ತಿಳಿಸುವುದು, ಊರು ಬಂದು ಕೇಳುವಂತೆ ಮಾಡುವುದು.

ನಮ್ಮ ಓಣಿಯಲ್ಲಿ ಕೇಳಿದವರು ಒಬ್ಬರೇ, ಎದುರು ಮನೆಯ ಅಜ್ಜಿ. ಮಣ್ಣು ಮಾಡಿದ ಎರಡು ದಿನಕ್ಕೆ ಕೋಲೂರಿಕೊಂಡು ಬಂದರು. ಸೆರಗಿನ ಗಂಟಿನಲ್ಲಿ ಎರಡು ಬಾಳೆಹಣ್ಣು. ಪಡಸಾಲೆಯಲ್ಲಿ ಕೂತು, ಉಸಿರು ತಿರುಗಿಸಿಕೊಂಡು, “ಚಂದ್ರಿ ಹೋತಂತಲ್ಲವ್ವಾ. ಹೆಂಗಾತು?” ಎಂದರು.

ನಾನು ಹೇಳತೊಡಗಿದೆ. ಬಕೆಟ್ಟಿನ ನೀರು, ಸಲೈನು, ಬಿಟ್ಟ ಊಟ. ಇಂಜೆಕ್ಷನ್ನಿನ ಹತ್ತಿರ ಬಂದು ಮಾತು ನಿಂತಿತು. ಅದನ್ನು ಮಕ್ಕಳಿಗೂ ಫೋನಿನಲ್ಲಿ ಸರಿಯಾಗಿ ಹೇಳಿರಲಿಲ್ಲ. ಅಜ್ಜಿ ಅವಸರ ಮಾಡಲಿಲ್ಲ. ನಾನು ಹೇಳಿ ಮುಗಿಸಿದ ಮೇಲೆ ಅಂದರು: “ನಳ್ಳಾಡಾಕೆ ಬಿಡಲಿಲ್ಲಲ್ಲ, ಪುಣ್ಯ ಬಿಡು. ನನ್ನ ಕಟ್ಟೆ ಮ್ಯಾಲೂ ಬಂದು ಕುಂತ್ಕಂತಿತ್ತು. ಜೀವ ಅಂದ ಮ್ಯಾಲೆ ಎಲ್ಲಾ ಒಂದೇ ಕಣವ್ವಾ.” ಆಮೇಲೆ ಚಂದ್ರಿ ತಮ್ಮ ಮನೆಯ ಹಾಲಿನ ಪಾತ್ರೆಯ ಮುಚ್ಚಳ ಸರಿಸಿದ ಕಥೆ ಹೇಳಿದರು. ನಾನು ಕೇಳಿರದ ಕಥೆ ಅದು. ಇಬ್ಬರೂ ನಕ್ಕೆವು. ಆ ದಿನ ನಾನು ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡೆ.

ಅದಕ್ಕೇ ಇಷ್ಟು ಬರೆದೆ. ಊರಿನ ಮನೆಗಳು ಖಾಲಿಯಾಗುತ್ತಿವೆ. ಮಕ್ಕಳು ಬೆಂಗಳೂರಿನಲ್ಲಿ, ವಿದೇಶದಲ್ಲಿ. ಇಲ್ಲಿ ಉಳಿದಿರುವುದು ವಯಸ್ಸಾದ ಗಂಡ ಹೆಂಡತಿ, ಕೆಲವೆಡೆ ಒಬ್ಬರೇ, ಜೊತೆಗೊಂದು ಮುದಿ ಬೆಕ್ಕು ಅಥವಾ ನಾಯಿ. ದಿನಕ್ಕೆ ಹತ್ತು ಸಲ ಹೆಸರು ಹಿಡಿದು ಕರೆಯಲು, ಬೈಯಲು, ಮಾತಾಡಲು ಅವರಿಗೆ ಇರುವುದು ಆ ಒಂದು ಜೀವ. ಅದು ಹೋದರೆ ಮನೆಯ ಮಾತೇ ನಿಲ್ಲುತ್ತದೆ. ನಿಮ್ಮ ಓಣಿಯಲ್ಲಿ ಅಂಥ ಮನೆಯಿದ್ದು, ಬೆಕ್ಕು ಹೋದದ್ದು ಕಿವಿಗೆ ಬಿದ್ದರೆ, ದಯವಿಟ್ಟು ಹೋಗಿ ಮಾತಾಡಿಸಿ. ಇನ್ನೊಂದು ತನ್ನಿ ಎಂದು ಅವತ್ತೇ ಹೇಳಬೇಡಿ. ಸತ್ತ ಬೆಕ್ಕಿನ ಹೆಸರು ಹಿಡಿದು ಕೇಳಿ, ಹೆಂಗಾತು ಎಂದು. ಅವರು ಮೊದಲಿನಿಂದ ಹೇಳುತ್ತಾರೆ, ಕೊನೆಯವರೆಗೂ ಕೂತು ಕೇಳಿ. ಮತ್ತೊಂದು ವಾರ ಬಿಟ್ಟು ಇನ್ನೊಮ್ಮೆ ಹೋಗಿ.