ಬರಿಗಾಲಿನ ಭಾವಚಿತ್ರ

ನಾನು ಚಿತ್ರಕಾರನಲ್ಲ; ಇದನ್ನು ಮೊದಲೇ ಅರಿಕೆ ಮಾಡಿಕೊಳ್ಳುವುದು ಕ್ಷೇಮ. ಶಿರಸಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು. ರನ್ನನ ಗದಾಯುದ್ಧವನ್ನು ಬೋಧಿಸುವಾಗ ಕರಿಹಲಗೆಯ ಮೇಲೆ ಭೀಮನ ಗದೆಯನ್ನು ಬರೆಯಹೋಗಿ, ಹುಡುಗರು ಅದನ್ನು ಹಲಸಿನ ಹಣ್ಣೆಂದು ಬಗೆದ ಪ್ರಸಂಗವೂ ಉಂಟು. ಅಂಥವನು ಒಬ್ಬ ಕಾಲ್ಚೆಂಡಾಟಗಾರನ ಭಾವಚಿತ್ರಕ್ಕೆ ಕೈಹಾಕಿ ಅದರಲ್ಲಿ ಆರು ತಿಂಗಳು ಕಳೆದನೆಂದರೆ ವಾಚಕರು ನಕ್ಕಾರು. ನನ್ನ ಹೆಂಡತಿಯೂ ನಕ್ಕಳು.

ಆದರೆ ಈ ಹುಚ್ಚು ನನ್ನದಲ್ಲ, ನನ್ನ ಅಜ್ಜನದು.

ಅಜ್ಜ ಸಿದ್ದಾಪುರದ ಸೀಮೆಯಲ್ಲಿ ಹೆಸರಾದ ಕೊನೆಗೌಡ. ಕಾಲಿಗೆ ತಳೆ ಹಾಕಿಕೊಂಡು ಅಡಿಕೆ ಮರವೇರಿದರೆ, ಒಂದು ಮರದಿಂದ ಇನ್ನೊಂದಕ್ಕೆ ತೂಗಿ ಹಾರುತ್ತ, ಹತ್ತಾರು ಮರಗಳ ಕೊನೆ ಇಳಿಸಿಯೇ ನೆಲ ಮುಟ್ಟುತ್ತಿದ್ದ. ಅದಕ್ಕೂ ಮೊದಲು, ಹದಿನೈದರ ಹುಡುಗನಾಗಿದ್ದಾಗ, ಮನೆಯಲ್ಲಿ ಜಗಳವಾಡಿ ಬೆಂಗಳೂರಿಗೆ ಓಡಿಹೋಗಿ, ದಂಡು ಪ್ರದೇಶದ ಒಂದು ಹೋಟೆಲಿನಲ್ಲಿ ಲೋಟ ತೊಳೆದವನು. ಭಾನುವಾರ ಮಧ್ಯಾಹ್ನ ಹಿತ್ತಿಲ ಬಾಗಿಲಿನಿಂದ ನುಸುಳಿ ಕಾಲ್ಚೆಂಡಾಟ ನೋಡಲು ಹೋಗುತ್ತಿದ್ದ. ಟಿಕೇಟಿಗೆ ಕಾಸಿಲ್ಲ; ಮೈದಾನದ ಅಂಚಿನ ಮರ ಇತ್ತಲ್ಲ! ಆ ಮರದ ಮೇಲಿನಿಂದ ಕಂಡವರೇ ಅಹಮದ್ ಖಾನ್.

"ಚೆಂಡು ಅಂವನ ಕಾಲಿಗೆ ಅಂಟಿಕೊಂಡಿತ್ತು ತಮಾ. ಬೂಟು ಹಾಕಿದ ಮೂರು ಜನ ಸುತ್ತ ನಿಂತ್ರೂ ಬಿಡಿಸಿಕೊಳ್ಳಲಿಕ್ಕಾಗ್ಲಿಲ್ಲ. ಅಂವ ಬರಿಗಾಲಲ್ಲಿದ್ದ" ಎಂದು ನನ್ನ ಬಾಲ್ಯದಲ್ಲಿ ಅವನು ನೂರು ಸಲ ಹೇಳಿದ್ದಾನೆ. ಆ ಆಟಕ್ಕಾಗಿ ತಡವಾಗಿ ಬಂದದ್ದಕ್ಕೆ ಹೋಟೆಲಿನಲ್ಲಿ ಬಿದ್ದ ಪೆಟ್ಟಿನ ಸುದ್ದಿಯನ್ನು ಮಾತ್ರ ಒಂದೇ ಸಲ ಹೇಳಿದ.

2017ರ ಆಗಸ್ಟ್ 27ರಂದು ಅಹಮದ್ ಖಾನ್ ಬೆಂಗಳೂರಿನಲ್ಲಿ ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅಜ್ಜನ ಕಣ್ಣು ಪೂರ್ತಿ ಆರಿತ್ತು. ಮುಂದಿನ ಭಾನುವಾರ ಸಿದ್ದಾಪುರಕ್ಕೆ ಹೋದವನು ಜಗಲಿಯಲ್ಲಿ ಕುಳಿತು ಹಳೆಯ ಪತ್ರಿಕೆಯನ್ನು ಓದಿ ಹೇಳಿದೆ. 1948ರಲ್ಲಿ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುಮಂದಿ ಬರಿಗಾಲಲ್ಲೇ ಆಡಿ, ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು, ಫ್ರಾನ್ಸಿಗೆ 2–1ರಿಂದಷ್ಟೇ ಸೋತದ್ದು. ನಮ್ಮ ಆ ಒಂದು ಗೋಲೂ ಬೆಂಗಳೂರಿನವರೇ ಆದ ರಾಮನ್ ಅವರದು. 1951ರ ದೆಹಲಿಯ ಏಷ್ಯನ್ ಕ್ರೀಡಾಕೂಟದ ಚಿನ್ನ. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಹತ್ತು ಗೋಲು ಹೊಡೆದಾಗ ನಮ್ಮ ಪಾಲಿನ ಒಂದೇ ಒಂದನ್ನು ಹೊಡೆದವರು ಅಹಮದ್ ಖಾನ್. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ಅವರನ್ನೂ ಸೇರಿಸಿ ಐವರು ಮುಂಚೂಣಿಯವರನ್ನು ಜನ ಪಂಚಪಾಂಡವರೆಂದು ಕರೆದದ್ದು. ಅವರ ಆಟದ ಮೋಡಿಗೆ 'ಹಾವಾಡಿಗ'ನೆಂಬ ಬಿರುದು ಸಂದದ್ದು. ಎಲ್ಲವನ್ನೂ ಕೇಳಿದ ಅಜ್ಜ ಕೊನೆಗೆ, "ಫೋಟೋ ಹಾಕಿದ್ದಾರಾ?" ಎಂದ. ಹಾಕಿದ್ದಾರೆಂದೆ. ಕೈ ಚಾಚಿ, ಕಾಗದದ ಮೇಲೆ ಬೆರಳಾಡಿಸಿ, ನುಣ್ಣಗಿನ ಕಾಗದವಷ್ಟೇ ಸಿಕ್ಕಿದ್ದರಿಂದ ಪತ್ರಿಕೆಯನ್ನು ಮಡಿಸಿ ಹಿಂದಕ್ಕೆ ಕೊಟ್ಟ.

ಮುಟ್ಟಿ ನೋಡಬಹುದಾದ ಚಿತ್ರವೊಂದನ್ನು ಮಾಡಬೇಕೆಂದು ನನಗೆ ಆಗಲೇ ಹೊಳೆದದ್ದು.

ಹಲಗೆಗೆ ಮನೆಯ ಅಟ್ಟದಲ್ಲಿದ್ದ ಹಲಸಿನ ಕದವೇ ಆಯಿತು. ಅದರ ಮೇಲೆ ಕೆಮ್ಮಣ್ಣು ಬಳಿದೆ. ಮಾರಿಕಾಂಬಾ ದೇವಸ್ಥಾನದ ಗೋಡೆಗಳ ಕಾವಿ ಚಿತ್ರಗಳನ್ನೂ, ಸಿದ್ದಾಪುರದ ದೀವರ ಮನೆಗಳ ಹಸೆಯನ್ನೂ ನೋಡಿ ಬೆಳೆದವನಿಗೆ ಬೇರೆ ಹಿನ್ನೆಲೆ ಹೊಳೆಯುವುದಾದರೂ ಹೇಗೆ? ಮೈದಾನದ ಗೆರೆಗಳನ್ನು ಅಕ್ಕಿಹಿಟ್ಟಿನಿಂದ ಎಳೆದೆ. ಎದೆ, ತೋಳುಗಳ ಉಬ್ಬಿಗೆ ಗುಡಿಗಾರರಿಂದ ಬೆಂಡು ತಂದೆ. ಮದುವೆಯ ಬಾಸಿಂಗಕ್ಕೆ ಬಳಸುವ ಆ ಬೆಂಡು ಆಟಗಾರನ ಎದೆಯಾದೀತೆಂದು ಅವರೂ ಎಣಿಸಿರಲಿಲ್ಲ. ಚರ್ಮಕ್ಕೆ ಅಡಿಕೆ ಹಾಳೆ: ನೀರಲ್ಲಿ ನೆನೆಸಿದರೆ ಹೇಳಿದಂತೆ ಬಾಗುತ್ತದೆ, ಒಣಗಿದರೆ ಮರದಂತೆ ಗಟ್ಟಿ. ಮೇಲೆ ಅಡಿಕೆ ಬೇಯಿಸಿದ ಚೊಗರಿನ ಲೇಪ. ಹಳೆಯ ಎಕ್ಕಡದ ತೊಗಲು ಚೆಂಡಾಯಿತು. ಅಂದಿನ ಚೆಂಡಿಗೆ ಇರುತ್ತಿದ್ದ ದಾರದ ಹೊಲಿಗೆಯನ್ನೂ ಹಾಕಿದೆ. ಚಡ್ಡಿಗೆ ಪತ್ರಿಕೆಯ ಚೂರುಗಳು, ಗೋಲಿನ ಬಲೆಗೆ ಪುಂಡಿ ನಾರು.

ಮೊದಲ ಮುಖ ಒಣಗುವಾಗ ಹಾಳೆ ಸೊಟ್ಟಗಾಗಿ ಹಾವಾಡಿಗ ಅಳತೊಡಗಿದ. ಎರಡನೆಯದಕ್ಕೆ ಮಳೆಗಾಲದ ಬೂಸು ಹಿಡಿಯಿತು. ಶಿರಸಿಯ ಸೆಪ್ಟೆಂಬರಿನಲ್ಲಿ ಮೈದಾಹಿಟ್ಟಿನ ಅಂಟು ಬದುಕುವುದೆಂದರೇನು! ತೋಟಕ್ಕೆ ಬೋರ್ಡೋ ದ್ರಾವಣ ಮಾಡಲು ತಂದಿದ್ದ ಮೈಲುತುತ್ತವನ್ನು ಚಿಟಿಕೆಯಷ್ಟು ಅಂಟಿಗೆ ಬೆರೆಸಿದ ಮೇಲೆ ಬೂಸು ನಿಂತಿತು. ಅಂಟಿಗೆ ಬಂದ ತಿಳಿನೀಲಿಯನ್ನು ಅಂಗಿಗೇ ಬಿಟ್ಟುಬಿಟ್ಟೆ. ಮುಖಕ್ಕಾಗಿಯೇ ಮೂರು ತಿಂಗಳು ಹಿಡಿಯಿತು.

ಕಾಲಿಗೆ ಯಲ್ಲಾಪುರದ ಕಡೆಯಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಕಾಲೇಜು ತಂಡದಲ್ಲಿ ಚೆನ್ನಾಗಿ ಆಡುವವನು. "ಸಾರ್, ಮುಖ ಬೇಡವೇ? ಬರೀ ಕಾಲೇ?" ಎಂದು ನಾಚಿಕೊಂಡ. ಒಂದೇ ಸಂಜೆಯಲ್ಲಿ ಕಾಲು ಮುಗಿಸಿದೆ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಪಿ.ಯು.ಸಿ.ಗೆ ಶಿರಸಿಯ ಹಾಸ್ಟೆಲು ಸೇರಿದ ವಾರದಲ್ಲಿ ಅಜ್ಜ ಅವಲಕ್ಕಿ, ಹಲಸಿನ ಹಪ್ಪಳ ಹೊತ್ತು ನನ್ನನ್ನು ನೋಡಲು ಬಂದಿದ್ದ. ಬರಿಗಾಲು, ಒಡೆದ ಹಿಮ್ಮಡಿ. ತೊಳೆದ ನೆಲದ ಮೇಲೆ ಕೆಸರಿನ ಹೆಜ್ಜೆ ಮೂಡಿತು. ಕೋಣೆಯ ಗೆಳೆಯ ಯಾರೆಂದು ಕೇಳಿದ. "ನಮ್ಮ ಊರಿನವರು" ಎಂದೆ. ಅಜ್ಜ ಚೀಲವನ್ನು ಮಂಚದ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟ. ಅವನಿಗೆ ಅದು ಕೇಳಿಸಿತೋ ಇಲ್ಲವೋ ನಾನು ವಿಚಾರಿಸಲಿಲ್ಲ.

2018ರ ಫೆಬ್ರುವರಿಯಲ್ಲಿ, ಶಿರಸಿಯಲ್ಲಿ ಜಾತ್ರೆಯ ಚಪ್ಪರ ಏಳುತ್ತಿದ್ದಾಗ, ಹಲಗೆಯನ್ನು ಕಂಬಳಿಯಲ್ಲಿ ಸುತ್ತಿ ಬಾಡಿಗೆ ಜೀಪಿನಲ್ಲಿ ಸಿದ್ದಾಪುರಕ್ಕೆ ಒಯ್ದೆ. ಜಗಲಿಯಲ್ಲಿ ಅಜ್ಜನ ಮುಂದೆ ಒರಗಿಸಿಟ್ಟು, "ಖಾನ್ ಸಾಹೇಬರು ಬಂದಿದ್ದಾರೆ ಅಜ್ಜ" ಎಂದೆ. ಅವನ ಕೈಯನ್ನು ಹಿಡಿದು ಮುಖದ ಮೇಲಿರಿಸಿದೆ. ಮೂರು ತಿಂಗಳ ದುಡಿಮೆಯಲ್ಲವೇ! ಕೈ ಅಲ್ಲಿ ನಿಲ್ಲಲಿಲ್ಲ. ಹಣೆ, ಮೂಗು, ಅಂಗಿ ಎಲ್ಲವನ್ನೂ ದಾಟಿ ನೇರ ಕೆಳಗಿಳಿಯಿತು. ಚೆಂಡಿನ ಹೊಲಿಗೆ ಸಿಕ್ಕಿದಾಗ ನಕ್ಕ. ಕಾಲು ಸಿಕ್ಕಿತು. ಬೆರಳುಗಳನ್ನು ಒಂದೊಂದಾಗಿ ಸವರಿದ, ಮತ್ತೊಮ್ಮೆ ಸವರಿದ.

"ಇದು ಅಂವನ ಕಾಲಲ್ಲ ತಮಾ."

"ಯಾಕಜ್ಜ?"

"ಬೆರಳು ಒತ್ತಾಗಿದೆ. ಬೂಟಿನ ಕಾಲು ಇದು. ಬರಿಗಾಲಲ್ಲಿ ಆಡುವವನ ಹೆಬ್ಬೆರಳು ಬಿಡಿಸಿಕೊಂಡಿರ್ತದೆ. ಇಲ್ಲದಿದ್ರೆ ಹಿಡಿತ ಎಲ್ಲಿಂದ ಬರಬೇಕು? ಕಣಕಾಲಿಗೆ ಬಟ್ಟೆಯ ಪಟ್ಟಿ ಬೇರೆ ಸುತ್ತಿದ್ದ, ಅದೂ ಇಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಬಲಗಾಲನ್ನು ಮುಂದೆ ಚಾಚಿದ. "ಹೀಗಿರ್ತದೆ. ನೋಡಿಕೋ."

ನಾನು ನೆಲದ ಮೇಲೆ ಕುಳಿತು ಆ ಕಾಲನ್ನು ತೊಡೆಯ ಮೇಲೆ ಇರಿಸಿಕೊಂಡೆ. ಎಪ್ಪತ್ತು ವರ್ಷ ತಳೆ ತಿಕ್ಕಿ ಗಂಟುಗಟ್ಟಿದ ಪಾದ; ಹೆಬ್ಬೆರಳು ನಾಲ್ಕು ಬೆರಳುಗಳಿಂದ ದೂರ ಸರಿದು, ಏನನ್ನೋ ಹಿಡಿಯಲು ಹೊರಟಂತೆ ಇತ್ತು. ನೆನೆಸಿದ ಹೊಸ ಹಾಳೆಯನ್ನು ಅದರ ಮೇಲೆಯೇ ಒತ್ತಿ ಅಚ್ಚು ತೆಗೆದೆ. ತಣ್ಣಗಿತ್ತೋ ಏನೋ, ಅಜ್ಜ ಮೊದಲು ಕಾಲೆಳೆದುಕೊಂಡ. ಆಮೇಲೆ ಹಾಳೆ ಆಕಾರ ಹಿಡಿಯುವವರೆಗೂ ಅಲುಗದೆ ಕುಳಿತ. ನಡುವೆ, "ಹಾಸ್ಟೆಲಿನ ನೆಲದ ಮೇಲೆ ಕೆಸರು ಮಾಡಿದ ಕಾಲು" ಎಂದ. ನನ್ನ ಬಾಯಿಂದ ಮಾತು ಹೊರಡಲಿಲ್ಲ. "ಬಿಗಿಯಾಗಿ ಹಿಡಿ, ಜಾರ್ತದೆ" ಎಂದ.

ಹಳೆಯ ಕಾಲನ್ನು ಕಿತ್ತು ಹೊಸದನ್ನು ಅಂಟಿಸಿ, ಅಜ್ಜನದೇ ಹಳೆಯ ಪಂಚೆಯ ಅಂಚನ್ನು ಹರಿದು ಕಣಕಾಲಿಗೆ ಸುತ್ತಿದೆ.

2021ರ ಮಳೆಗಾಲದಲ್ಲಿ ಅಜ್ಜ ತೀರಿಕೊಂಡ. ಹಲಗೆ ಈಗಲೂ ಆ ಜಗಲಿಯಲ್ಲೇ ಇದೆ. ಬಂದವರು ಯಾರ ಚಿತ್ರವೆಂದು ಕೇಳುತ್ತಾರೆ; ಮುಖ ಯಾರಿಗೂ ಹೋಲುವುದಿಲ್ಲ. ಹೆಬ್ಬೆರಳಿನ ಮೇಲಿನ ಚೊಗರು ಮಾತ್ರ ಸವೆದು ಹಾಳೆಯ ಬಿಳುಪು ಕಾಣುತ್ತಿದೆ. ಮತ್ತೆ ಬಣ್ಣ ಹಚ್ಚೆಂದು ಹೆಂಡತಿ ಹೇಳುತ್ತಾಳೆ. ನಾನಿನ್ನೂ ಹಚ್ಚಿಲ್ಲ.