ಮೂರು ಗಂಟೆಯ ದಾರಿ

ದೆಹಲಿಯಲ್ಲಿ ಕೆಲಸ ಸಿಕ್ಕಿದಾಗ ಅಮ್ಮ ಕೇಳಿದ್ದು ಒಂದೇ ಮಾತು, "ಎಷ್ಟು ದೂರ ಆಗುತ್ತಪ್ಪಾ?"

"ಮೂರು ಗಂಟೆ ಅಷ್ಟೇ ಕಣಮ್ಮ. ತಿಪಟೂರಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋದಷ್ಟು" ಎಂದಿದ್ದೆ.

ಲೆಕ್ಕ ಸುಳ್ಳಲ್ಲ. ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 1,700 ಕಿ.ಮೀ. ಒಂದು 77.1 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಇನ್ನೊಂದು 77.7ರಲ್ಲಿ. ಹಾಗಾಗಿ ಗೆರೆ ನೆಟ್ಟಗೆ ದಕ್ಷಿಣಕ್ಕೆ ಇಳಿಯುತ್ತದೆ. ಭೋಪಾಲ್ ಪಕ್ಕ ಹಾದು, ಬೀದರ್ ಹತ್ತಿರ ಕರ್ನಾಟಕವನ್ನು ಮುಟ್ಟಿ, ಮತ್ತೆ ತೆಲಂಗಾಣ, ಅನಂತಪುರ ದಾಟಿ ದೇವನಹಳ್ಳಿ. ವಿಮಾನ ನಿಗದಿತ ವಾಯುಮಾರ್ಗ ಹಿಡಿಯುವುದರಿಂದ ಒಂದಿಷ್ಟು ಸುತ್ತು ಇದ್ದೇ ಇರುತ್ತದೆ. ಮೇಲೆ ಹಾರುವಾಗ ವೇಗ ಗಂಟೆಗೆ 800 ಕಿ.ಮೀ. ದಾಟಿದರೂ ಟಿಕೆಟ್‌ನಲ್ಲಿ 2 ಗಂಟೆ 50 ನಿಮಿಷ ಎಂದಿರುತ್ತದೆ. ಅದು ಗೇಟ್‌ನಿಂದ ಗೇಟ್‌ಗೆ ಹಾಕಿದ ಲೆಕ್ಕ. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಬರುವುದು ಎಲ್ಲ ಅದರಲ್ಲೇ ಸೇರಿದೆ.

ಆದರೆ ನನ್ನ ಮನೆ ನೋಯ್ಡಾದಲ್ಲಿ, ಅಮ್ಮನ ಮನೆ ತಿಪಟೂರಿನಲ್ಲಿ.

ಎರಡು ವರ್ಷದ ಹಿಂದೆ ಜನವರಿಯ ಒಂದು ರಾತ್ರಿ 9 ಗಂಟೆಗೆ ಪಕ್ಕದ ಮನೆಯ ಮಾಮ ಫೋನ್ ಮಾಡಿದರು. "ಅಮ್ಮ ಬಚ್ಚಲಲ್ಲಿ ಜಾರಿ ಬಿದ್ರು. ಆಸ್ಪತ್ರೆಗೆ ಕರ್ಕೊಂಡು ಬಂದಿದ್ದೀವಿ. ಗಾಬರಿ ಆಗ್ಬೇಡ, ನಾವಿದ್ದೀವಿ."

ಆ ರಾತ್ರಿಯ ಕೊನೆಯ ವಿಮಾನ ನನಗೆ ಸಿಗುವಂತಿರಲಿಲ್ಲ. ಬೆಳಗಿನ 7ರ ಟಿಕೆಟ್ ಸಿಕ್ಕಿತು. 4 ಗಂಟೆಗೆ ಮನೆ ಬಿಟ್ಟೆ. ಮಂಜಿನಿಂದಾಗಿ ವಿಮಾನ ಎರಡು ಗಂಟೆ ತಡ. ದೇವನಹಳ್ಳಿಯಲ್ಲಿ ಇಳಿದು ಹೊರಬರುವಾಗ ಮಧ್ಯಾಹ್ನ ಹನ್ನೆರಡೂವರೆ. ಅಲ್ಲಿಂದ ಟ್ಯಾಕ್ಸಿ: ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ತುಮಕೂರು, ಗುಬ್ಬಿ, ನಿಟ್ಟೂರು. ರಸ್ತೆಯ ಎರಡೂ ಬದಿ ತೆಂಗಿನ ತೋಟ ಶುರುವಾದರೆ ಪ್ರತಿಸಲ ಮನಸ್ಸು ಹಗುರಾಗುತ್ತಿತ್ತು. ಅವತ್ತು ಆಗಲಿಲ್ಲ. ಆಸ್ಪತ್ರೆ ಮುಟ್ಟಿದಾಗ ಪೌಣೆ ನಾಲ್ಕು.

ಫೋನ್ ಬಂದು ಹೆಚ್ಚುಕಡಿಮೆ 19 ಗಂಟೆ ಆಗಿತ್ತು. ತೊಡೆಯ ಮೂಳೆ ಮುರಿದಿತ್ತು. ದಾಖಲಾತಿ ಫಾರ್ಮಿನಲ್ಲಿ ಸಂಬಂಧಿಕರ ಸಹಿ ಎಂಬ ಕಡೆ ಮಾಮ ಸಹಿ ಹಾಕಿದ್ದರು. ಅವರಿಗೂ ನಮಗೂ ಇರುವ ಸಂಬಂಧ ಒಂದು ಕಾಂಪೌಂಡ್ ಗೋಡೆ ಮಾತ್ರ.

ಅಮ್ಮ ಈಗ ವಾಕರ್ ಹಿಡಿದು ಓಡಾಡುತ್ತಾಳೆ. ದೆಹಲಿಗೆ ಬಾ ಎಂದರೆ ಬರುವುದಿಲ್ಲ. ನಾನೂ ಮೂರು ಗಂಟೆಯ ಮಾತು ಆಡುವುದಿಲ್ಲ. ಮಂಜು ಇಲ್ಲದಿದ್ದರೆ ಬಾಗಿಲಿಂದ ಬಾಗಿಲಿಗೆ ಹತ್ತು ಗಂಟೆ. ಅದರಲ್ಲಿ ವಿಮಾನದ ಪಾಲು ಮೂರರಲ್ಲೊಂದಕ್ಕಿಂತ ಕಡಿಮೆ.

ನೀವೂ ಒಮ್ಮೆ ನಿಮ್ಮ ಬಾಗಿಲಿನಿಂದ ಊರ ಬಾಗಿಲಿನವರೆಗೆ ಲೆಕ್ಕ ಹಾಕಿ ನೋಡಿ. ಬಂದ ಸಂಖ್ಯೆ ಎಷ್ಟೇ ಇರಲಿ, ಅಷ್ಟು ಹೊತ್ತು ಅಲ್ಲಿ ಯಾರಿರುತ್ತಾರೆ ಎಂದು ಕೇಳಿಕೊಳ್ಳಿ. ಅವರ ನಂಬರ್ ನಿಮ್ಮ ಫೋನಿನಲ್ಲಿರಲಿ. ಊರಿಗೆ ಹೋದಾಗ ಅವರ ಮನೆಗೂ ಹೋಗಿ ಬನ್ನಿ.